ವಾಪಸ್ ಬಂದದ್ದೇನು? ನೌಕೆಗಳ ಫೋಟೊ ಜೋಡಿಸಿದ ನನ್ನ ಅನುಭವ

ಮನುಷ್ಯರನ್ನು ಹೊತ್ತು ಹೋಗಿ, ಮತ್ತೆ ಹಾರಲು ಸಿದ್ಧವಾಗುವ ಬಾಹ್ಯಾಕಾಶ ನೌಕೆಗಳ ಫೋಟೊ ಸೇರಿಸುವ ಹುಚ್ಚು ನನಗೆ. ಫೋಟೊ ಸಿಗುವುದು ಕಷ್ಟವಲ್ಲ, ನಾಸಾದ ಭಂಡಾರವೇ ತೆರೆದಿದೆ. ಅಡಿಬರಹವೇ ತಲೆನೋವು. ಉದ್ದ, ಅಗಲ, ತೂಕ ಅಂತ ಸುಮ್ನೆ ತುಂಬಿದರೆ ಯಾರು ಓದುತ್ತಾರೆ? ಅದಕ್ಕೇ ಒಂದು ಪದ್ಧತಿ ಇಟ್ಟುಕೊಂಡೆ. ಯಾವ ಭಾಗ ವಾಪಸ್ ಬಂತು, ಯಾವುದು ಬರಲಿಲ್ಲ ಎಂಬುದೇ ಪ್ರತಿ ಫೋಟೊದ ಮೊದಲ ಸಾಲು.

ನಾಸಾದ ಸ್ಪೇಸ್ ಶಟಲ್‌ನಿಂದ ಶುರು ಮಾಡಿದೆ. ಆರ್ಬಿಟರ್, ಅಂದರೆ ಗಗನಯಾತ್ರಿಗಳು ಕೂರುವ ರೆಕ್ಕೆಯ ಭಾಗ, ರನ್‌ವೇ ಮೇಲೆ ಇಳಿಯುತ್ತಿತ್ತು. ಪಕ್ಕದ ಎರಡು ಬೂಸ್ಟರ್ ರಾಕೆಟ್‌ಗಳು ಪ್ಯಾರಾಚೂಟ್ ಬಿಚ್ಚಿ ಸಮುದ್ರಕ್ಕೆ ಬೀಳುತ್ತಿದ್ದವು, ಹಡಗುಗಳು ಎಳೆದು ತರುತ್ತಿದ್ದವು. ಹೊಟ್ಟೆಯಡಿಯ ದೊಡ್ಡ ಇಂಧನ ಟ್ಯಾಂಕ್ ಮಾತ್ರ ಪ್ರತಿ ಸಲವೂ ಹೋದದ್ದೇ. ಮೇಲೇರುತ್ತಿರುವ ಫೋಟೊದಲ್ಲಿ ಆ ಟ್ಯಾಂಕ್ ಬೆಳ್ಳಗಿದ್ದರೆ ಯೋಚನೆಯೇ ಬೇಡ, ಅದು 1981ರಲ್ಲಿ ಹಾರಿದ ಕೊಲಂಬಿಯಾ ಎಂಬ ಶಟಲ್. ಮೊದಲ ಎರಡು ಹಾರಾಟ ಆದಮೇಲೆ ಬಣ್ಣ ಹಚ್ಚುವುದನ್ನೇ ಬಿಟ್ಟರು. ಅಷ್ಟರಿಂದಲೇ ಸುಮಾರು 270 ಕಿಲೊ ತೂಕ ಇಳಿಯಿತು. ಆಮೇಲಿನ ಕಿತ್ತಳೆ ಬಣ್ಣ ಟ್ಯಾಂಕಿನ ಹೊದಿಕೆ ಫೋಮಿನದ್ದು.

ನನಗೆ ಜಾಸ್ತಿ ಇಷ್ಟವಾದ ಫೋಟೊಗಳು ಆರ್ಬಿಟರ್‌ನ ಹೊಟ್ಟೆಯವು. 2003ರಲ್ಲಿ ಕೊಲಂಬಿಯಾ ವಾಪಸ್ ಬರುವಾಗ ಒಡೆದುಹೋದ ದುರಂತದ ನಂತರ, 2005ರಿಂದ, ಶಟಲ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹತ್ತಿರ ಬಂದು ನಿಧಾನವಾಗಿ ಒಂದು ಪಲ್ಟಿ ಹೊಡೆಯುತ್ತಿತ್ತು. ನಿಲ್ದಾಣದ ಒಳಗಿದ್ದವರು ಉದ್ದದ ಲೆನ್ಸ್ ಹಿಡಿದು, ಬಿಸಿ ತಡೆಯುವ ಟೈಲ್‌ಗಳಿಗೆ ಪೆಟ್ಟು ಬಿದ್ದಿದೆಯಾ ಎಂದು ಫೋಟೊ ತೆಗೆಯುತ್ತಿದ್ದರು. ಅವುಗಳನ್ನು ದೊಡ್ಡದು ಮಾಡಿ ನೋಡಿ. ಕಪ್ಪು ಟೈಲ್‌ಗಳು ಒಂದೇ ಬಣ್ಣ ಇರುವುದಿಲ್ಲ. ಹಲವು ಸಲ ಬೆಂಕಿ ಕಂಡವು ಬೂದು ಬಣ್ಣಕ್ಕೆ ತಿರುಗಿರುತ್ತವೆ. ನಡುವೆ ಹೊಸದಾಗಿ ಅಂಟಿಸಿದ್ದು ಕಪ್ಪಗೆ ಎದ್ದು ಕಾಣುತ್ತದೆ. ತೇಪೆ ಹಾಕಿದ ಕೌದಿಯ ಹಾಗೆ. ಮರುಬಳಕೆ ಅಂದರೆ ಏನು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. ಒಂದು ಆರ್ಬಿಟರ್‌ಗೆ 24,000ಕ್ಕೂ ಹೆಚ್ಚು ಟೈಲ್, ಒಂದೊಂದಕ್ಕೂ ತನ್ನದೇ ನಂಬರು.

ಹೆಸರು ಕಾಣದಿದ್ದರೂ ಕೊಲಂಬಿಯಾ ಗುರುತು ಸುಲಭ: ರೆಕ್ಕೆಯ ಬುಡದಲ್ಲಿ, ಮುಂಭಾಗದ ಮೇಲ್ಮೈ ಕಪ್ಪು. ಉಳಿದವನ್ನು ಬೇರ್ಪಡಿಸಲು ನಾನು ಫೋಟೊ ಸಂಖ್ಯೆಯನ್ನೇ ನಂಬುತ್ತೇನೆ. ಎಷ್ಟೋ ಚಿತ್ರಗಳಲ್ಲಿ ಹಾರಾಟದ ಸಂಖ್ಯೆ ಅದರಲ್ಲೇ ಇರುತ್ತದೆ.

ಶಟಲ್‌ಗಳು ಒಟ್ಟು 135 ಸಲ ಹಾರಿದವು. ಡಿಸ್ಕವರಿ ಒಂದೇ 39 ಸಲ. ಚಾಲೆಂಜರ್‌ಗೆ ಬರೆಯುವಾಗ ಕೈ ತಡೆಯಿತು. ಒಂಬತ್ತು ಸಲ ಬಂತು, 1986ರಲ್ಲಿ ಹತ್ತನೆಯದಕ್ಕೆ ಬರಲಿಲ್ಲ. ಕೊಲಂಬಿಯಾ 27 ಸಲ ಬಂತು. 28ನೆಯದರಲ್ಲಿ ಕಲ್ಪನಾ ಚಾವ್ಲಾ ಇದ್ದರು. ಅಲ್ಲಿಗೆ ಇನ್ನೇನೂ ಸೇರಿಸಲಿಲ್ಲ.

ಸೋವಿಯತ್ ಶಟಲ್ ಬುರಾನ್ ಬಗ್ಗೆ ಒಂದೇ ಮಾತು: 1988ರಲ್ಲಿ ಒಂದೇ ಸಲ, ಒಳಗೆ ಯಾರೂ ಇಲ್ಲದೆ ಹೋಗಿ ಬಂತು. ಪಟ್ಟಿಗೆ ಸೇರಲ್ಲ ಅಂತ ಜಗಳ ಮಾಡುವವರಿದ್ದಾರೆ. ಇರಲಿ, ನಾನು ಬಿಡಲಿಲ್ಲ.

ಸ್ಪೇಸ್‌ಎಕ್ಸ್ ಕಂಪನಿಯ ಕ್ರೂ ಡ್ರ್ಯಾಗನ್ ನೌಕೆಗೆ ಎರಡು ಫೋಟೊ ಅಕ್ಕಪಕ್ಕ ಇಡುತ್ತೇನೆ, ಹಾರುವ ಮುಂಚಿನದು, ನೀರಿಗೆ ಬಿದ್ದ ಮೇಲಿನದು. ಎರಡನೆಯದರಲ್ಲಿ ಸೋಲಾರ್ ಫಲಕವಿದ್ದ ಹಿಂಭಾಗದ ಟ್ರಂಕ್ ಇರುವುದಿಲ್ಲ, ಇಳಿಯುವ ಮೊದಲೇ ಕಳಚಿ ಬಿಟ್ಟಿರುತ್ತಾರೆ. ಬಿಳಿ ಮೈ ಸುಟ್ಟು ಕಂದಾಗಿರುತ್ತದೆ. 2025ರಲ್ಲಿ ಶುಭಾಂಶು ಶುಕ್ಲಾ ಹೋದ ಗ್ರೇಸ್ ಎಂಬ ಡ್ರ್ಯಾಗನ್‌ಗೂ ಹೀಗೇ ಮಾಡಿದೆ. ಅದಕ್ಕೆ ಅದು ಮೊದಲ ಹಾರಾಟ, ಹಾಗಾಗಿ ಅಡಿಬರಹ ಎರಡೇ ಸಾಲಿಗೆ ಮುಗಿಯಿತು.