ಹಳೇ ಡಿ90 ಇಟ್ಟುಕೊಳ್ಳೋದೋ, ಜೇಬಿಗೆ ಹಿಡಿಯೋ ಆರ್‌ಎಕ್ಸ್100 ತಗೊಳ್ಳೋದೋ? ಮನೆಯಲ್ಲೇ ಪರೀಕ್ಷಿಸಿ ನೋಡಿ

ಬೀರುವಿನಲ್ಲಿ ಹಳೇ ನಿಕಾನ್ ಡಿ90 ಮಲಗಿದೆ, ಲೆನ್ಸ್ ಬದಲಾಯಿಸಬಹುದಾದ ಡಿಎಸ್‌ಎಲ್‌ಆರ್ ಕ್ಯಾಮೆರಾ, ಜೊತೆಗೆ ಅದರೊಂದಿಗೇ ಬಂದ 18–105 ಮಿ.ಮೀ. ಕಿಟ್ ಲೆನ್ಸ್. ಈಚೆಗೆ ಪರಿಚಯದವರೊಬ್ಬರು ಬಳಸಿದ ಸೋನಿ ಆರ್‌ಎಕ್ಸ್100 ಎಂಬ ಕಾಂಪ್ಯಾಕ್ಟ್ (ಲೆನ್ಸ್ ಕಳಚಲಾಗದ ಪುಟ್ಟ ಕ್ಯಾಮೆರಾ) ಮಾರುತ್ತೇನೆ ಅಂದಿದ್ದಾರೆ. ಯಾವುದು ಮೇಲು ಅಂತ ಕೇಳಿದರೆ ಒಬ್ಬರು ‘ಡಿಎಸ್‌ಎಲ್‌ಆರ್ ಅಂದರೆ ಡಿಎಸ್‌ಎಲ್‌ಆರೇ’ ಅನ್ನುತ್ತಾರೆ, ಇನ್ನೊಬ್ಬರು ‘12ಕ್ಕಿಂತ 20 ಮೆಗಾಪಿಕ್ಸೆಲ್ ಜಾಸ್ತಿ ಅಲ್ವಾ’ ಅನ್ನುತ್ತಾರೆ. ಇಬ್ಬರ ಮಾತೂ ಅರ್ಧರ್ಧ ಸರಿ. ಎರಡು ಕ್ಯಾಮೆರಾವನ್ನೂ ಒಂದು ಭಾನುವಾರದ ಮಟ್ಟಿಗೆ ಕೈಗೆ ತೆಗೆದುಕೊಂಡರೆ ಉತ್ತರ ನೀವೇ ಕಂಡುಕೊಳ್ಳಬಹುದು.

ಡಿ90 ಬಂದಿದ್ದು 2008ರಲ್ಲಿ, ಮೊದಲ ಆರ್‌ಎಕ್ಸ್100 ಬಂದಿದ್ದು 2012ರಲ್ಲಿ. ಡಿ90ಯ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) 23.6×15.8 ಮಿ.ಮೀ., ಆರ್‌ಎಕ್ಸ್100ದ್ದು 13.2×8.8 ಮಿ.ಮೀ. ಗುಣಿಸಿ ನೋಡಿದರೆ ಮೊದಲನೆಯದು ಮೂರು ಪಟ್ಟಿಗಿಂತ ತುಸು ಹೆಚ್ಚು ದೊಡ್ಡದು. ಬಹಳ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ ಡಿ90 ಗೆದ್ದಿತು ಅಂದುಬಿಡುತ್ತಾರೆ. ಆದರೆ ಸೆನ್ಸರ್ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ಬೆಳಕು ಬರಬೇಕಾದದ್ದು ಲೆನ್ಸಿನ ತೂತಿನಿಂದಲೇ.

ಮೊದಲು ತೂತಿನ ಲೆಕ್ಕ

ಲೆನ್ಸಿನ ಫೋಕಲ್ ಲೆಂಗ್ತನ್ನು (ಲೆನ್ಸಿನ ಮೇಲೆ ಬರೆದ ಮಿ.ಮೀ. ಸಂಖ್ಯೆ) ಎಫ್ ಸಂಖ್ಯೆಯಿಂದ ಭಾಗಿಸಿದರೆ ತೂತಿನ ವ್ಯಾಸ ಸಿಗುತ್ತದೆ. ಡಿ90ಯ ಕಿಟ್ ಲೆನ್ಸ್ 18 ಮಿ.ಮೀ.ನಲ್ಲಿ ಎಫ್/3.5, ಅಂದರೆ ತೂತು 5.1 ಮಿ.ಮೀ. ಆರ್‌ಎಕ್ಸ್100 ತನ್ನ ಅಗಲದ ತುದಿಯಲ್ಲಿ 10.4 ಮಿ.ಮೀ., ಎಫ್/1.8, ಅಂದರೆ 5.8 ಮಿ.ಮೀ. ಕಣ್ಣಳತೆಗೆ ಎರಡೂ ಒಂದೇ ಅಗಲದ ನೋಟ. ಅಂಗೈಯಗಲದ ಡಬ್ಬಿಯೇ ಇಲ್ಲಿ ಒಂದು ಕೂದಲೆಳೆ ಮುಂದೆ! ಮನೆಯೊಳಗೆ, ಝೂಮ್ ಮಾಡದೆ, ನಾಲ್ಕೈದು ಜನರನ್ನು ಕೂರಿಸಿ ತೆಗೆಯುವ ಫೋಟೋದಲ್ಲಿ ಕಿಟ್ ಲೆನ್ಸಿನ ಡಿಎಸ್‌ಎಲ್‌ಆರ್ ಯಾಕೆ ಏನೂ ವಿಶೇಷ ಕಾಣಿಸುವುದಿಲ್ಲ ಎನ್ನುವುದಕ್ಕೆ ಕಾರಣ ಇದೇ.

ಝೂಮ್ ಮಾಡಿದ ಕೂಡಲೇ ಲೆಕ್ಕ ಮಗುಚುತ್ತದೆ. ಆರ್‌ಎಕ್ಸ್100ದ ಎಫ್/1.8 ಇರುವುದು ಅಗಲದ ತುದಿಯಲ್ಲಿ ಮಾತ್ರ. ಪೂರ್ತಿ ಝೂಮಿನಲ್ಲಿ 37.1 ಮಿ.ಮೀ.ಗೆ ಎಫ್/4.9, ತೂತು 7.6 ಮಿ.ಮೀ. ಅಷ್ಟೇ ನೋಟಕ್ಕೆ ಡಿ90ಯ ಲೆನ್ಸನ್ನು 67 ಮಿ.ಮೀ. ಹತ್ತಿರ ತಂದರೆ ತೂತು ಸುಮಾರು ಹನ್ನೆರಡೂವರೆ ಮಿ.ಮೀ. ವಿಸ್ತೀರ್ಣದಲ್ಲಿ ಎರಡೂಮುಕ್ಕಾಲು ಪಟ್ಟು. ಇನ್ನು ಆ ಕಿಟ್ ಲೆನ್ಸ್ ಕಳಚಿ 50 ಮಿ.ಮೀ. ಎಫ್/1.8 ಡಿ ಲೆನ್ಸ್ ಹಾಕಿ: ತೂತು 27.8 ಮಿ.ಮೀ. ಕಾಂಪ್ಯಾಕ್ಟಿನ ಅತಿ ದೊಡ್ಡ ತೂತಿಗಿಂತ ವಿಸ್ತೀರ್ಣದಲ್ಲಿ 13 ಪಟ್ಟು. ಆಮೇಲೆ ಹೋಲಿಕೆಯ ಮಾತೇ ಇಲ್ಲ.

ಹೀಗಾಗಿ ನೀವು ಹೋಲಿಸುತ್ತಿರುವುದು ಕ್ಯಾಮೆರಾಗಳನ್ನಲ್ಲ, ಅವುಗಳ ಮೂತಿಗೆ ಹಾಕಿದ ಲೆನ್ಸುಗಳನ್ನು. ಕಿಟ್ ಲೆನ್ಸ್ ಬಿಟ್ಟು ಬೇರೆ ಲೆನ್ಸ್ ಕೊಳ್ಳುವ ಯೋಚನೆಯೇ ಇಲ್ಲದವರಿಗೆ ನಮ್ಮ ಮತ ಕಾಂಪ್ಯಾಕ್ಟಿಗೆ. ಒಂದೇ ಒಂದು ಪ್ರೈಮ್ ಲೆನ್ಸ್ (ಝೂಮ್ ಇಲ್ಲದ್ದು) ಕೊಳ್ಳುವವರಿಗೆ ಡಿ90 ಇನ್ನೂ ಕೆಲಸಕ್ಕೆ ಬರುವ ಯಂತ್ರ. ಅದರ ದೇಹದೊಳಗೇ ಫೋಕಸ್ ಮೋಟರ್ ಇರುವುದರಿಂದ ಹಳೆಯ, ಅಗ್ಗದ ಡಿ ಮಾದರಿಯ ಲೆನ್ಸುಗಳೂ ಅದರಲ್ಲಿ ಆಟೋಫೋಕಸ್ ಆಗುತ್ತವೆ. ಡಿ40, ಡಿ3000, ಡಿ5000ಗಳಲ್ಲಿ ಈ ಮೋಟರ್ ಇಲ್ಲ. ಅವುಗಳಿಗೆ 35 ಮಿ.ಮೀ. ಎಫ್/1.8 ಜಿ ತರಹದ, ಲೆನ್ಸಿನೊಳಗೇ ಮೋಟರ್ ಇರುವಂಥದ್ದು ಬೇಕು. ಇದು ಗೊತ್ತಿಲ್ಲದೆ 50 ಡಿ ತಂದು, ಕೈಯಲ್ಲಿ ಫೋಕಸ್ ತಿರುಗಿಸುತ್ತಾ ಕೂತವರು ಬಹಳ.

(ಕಾಂಪ್ಯಾಕ್ಟ್ ಅಂದರೆ ಎಲ್ಲವೂ ಆರ್‌ಎಕ್ಸ್100 ಅಲ್ಲ. ಸಾಮಾನ್ಯ ಅಗ್ಗದ ಕಾಂಪ್ಯಾಕ್ಟಿನ ಸೆನ್ಸರ್ ಸುಮಾರು 6.2×4.6 ಮಿ.ಮೀ., ಡಿ90ಯದರ ಹದಿಮೂರನೇ ಒಂದು ಪಾಲು. ಅದರ ಜೊತೆ ಈ ಪರೀಕ್ಷೆಯೆಲ್ಲ ವ್ಯರ್ಥ.)

ಗೋಡೆಗೆ ಪತ್ರಿಕೆ ಅಂಟಿಸಿ

ಒಂದು ಕನ್ನಡ ದಿನಪತ್ರಿಕೆಯ ಪುಟವನ್ನು ಮಡಿಕೆ ಬರದಂತೆ ಗೋಡೆಗೆ ಟೇಪಿನಿಂದ ಅಂಟಿಸಿ. ಕ್ಲಾಸಿಫೈಡ್ ಇರುವ ಪುಟವಾದರೆ ಉತ್ತಮ. ನಮ್ಮ ಲಿಪಿ ಲೆನ್ಸಿಗೆ ಒಳ್ಳೆಯ ಪರೀಕ್ಷೆ: ಸಣ್ಣ ಅಕ್ಷರದ ಅಡಿಯ ಒತ್ತುಗಳಲ್ಲಿ ತ-ವತ್ತು ಯಾವುದು, ನ-ವತ್ತು ಯಾವುದು ಎಂದು ಬೇರೆಯಾಗಿ ಕಂಡರೆ ಲೆನ್ಸ್ ಚುರುಕಾಗಿದೆ ಅಂತ ಅರ್ಥ. ಪತ್ರಿಕೆಯ ಪಕ್ಕ ಒಂದು ಕಪ್ಪು ಕೊಡೆ ಅಥವಾ ಕರಿ ಬಟ್ಟೆ, ಒಂದು ಸ್ಟೀಲ್ ಲೋಟ, ಯಾವುದಾದರೂ ಕೆಂಪು ಸೀರೆಯ ಅಂಚು ಇರಲಿ. ಕಪ್ಪಿನಲ್ಲಿ ಕಾಳುಕಾಳು ಮೊದಲು ಕಾಣುತ್ತದೆ, ಕೆಂಪಿನಲ್ಲಿ ಬಣ್ಣ ಮೊದಲು ಕೆಡುತ್ತದೆ.

ಟ್ರೈಪಾಡ್ ಮೇಲೆ ಎರಡು ಮೀಟರ್ ದೂರದಿಂದ, ಗೋಡೆಗೆ ನೇರವಾಗಿ ಇಡಿ. ಡಿ90ಯ ಝೂಮನ್ನು 35ರ ಗುರುತಿಗೆ, ಆರ್‌ಎಕ್ಸ್100ದ ಝೂಮನ್ನು 50ಕ್ಕೆ ತನ್ನಿ. ಹಳೇ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಒಂದು 52 ಮಿ.ಮೀ. ನೋಟ, ಇನ್ನೊಂದು 50, ಅಷ್ಟು ವ್ಯತ್ಯಾಸ ನಡೆಯುತ್ತದೆ. ಎರಡರಲ್ಲೂ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಆನ್ ಮಾಡಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಆಟೋದಲ್ಲಿ ಬಿಡಬೇಡಿ, ಒಂದೇ ಆಯ್ಕೆಯಲ್ಲಿ ನಿಲ್ಲಿಸಿ. ಟ್ರೈಪಾಡ್ ಮೇಲಿರುವಾಗ ನಡುಕ ತಡೆಯುವ ವ್ಯವಸ್ಥೆಯನ್ನು ಎರಡರಲ್ಲೂ ಆಫ್ ಮಾಡಿ. ಟೈಮರ್ ಇಟ್ಟು ಕ್ಲಿಕ್ ಮಾಡಿ. ಡಿ90ಯ ಮೆನುವಿನಲ್ಲಿ ಎಕ್ಸ್‌ಪೋಷರ್ ಡಿಲೇ ಮೋಡ್ ಇದೆ, ಅದನ್ನೂ ಆನ್ ಮಾಡಿ. ಕನ್ನಡಿ ಮೇಲಕ್ಕೆ ಬಡಿದ ಅದುರು ಅಡಗಿದ ಮೇಲೆ ಶಟರ್ ತೆರೆಯುತ್ತದೆ. ಸೆಕೆಂಡಿನ ಮೂವತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನವರೆಗೆ ಈ ಅದುರೇ ಅಕ್ಷರಗಳನ್ನು ಮಬ್ಬು ಮಾಡುವುದು, ಬೈಗುಳ ತಿನ್ನುವುದು ಮಾತ್ರ ಲೆನ್ಸು.

ಈಗ ಎರಡು ಸುತ್ತು ತೆಗೆಯಿರಿ. ಮೊದಲ ಸುತ್ತಿನಲ್ಲಿ ಎರಡಕ್ಕೂ ಒಂದೇ ಸೆಟ್ಟಿಂಗ್: ಎಫ್/5.6, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 800, ನಂತರ 1600, ನಂತರ 3200. ಇದರಲ್ಲಿ ಡಿ90 ಸುಮಾರು ಒಂದು ಸ್ಟಾಪಿನಷ್ಟು (ಎರಡು ಪಟ್ಟು ಬೆಳಕು ಸಿಕ್ಕಷ್ಟು) ಸ್ವಚ್ಛವಾಗಿ ಕಾಣಬೇಕು. ಕಾಣದಿದ್ದರೆ ಫೋಕಸ್ ತಪ್ಪಿದೆ, ಇಲ್ಲವೇ ಎರಡರ ಎಕ್ಸ್‌ಪೋಷರ್ ಒಂದೇ ಆಗಿಲ್ಲ. ಎರಡನೇ ಸುತ್ತೇ ನಿಜವಾದ ಹೋಲಿಕೆ: ಡಿ90 ಎಫ್/8, ಐಎಸ್‌ಒ 800, ಆರ್‌ಎಕ್ಸ್100 ಎಫ್/4.5, ಐಎಸ್‌ಒ 250. ಶಟರ್ ವೇಗ ಎರಡಕ್ಕೂ ಒಂದೇ. ಈಗ ಎರಡರಲ್ಲೂ ಹಿನ್ನೆಲೆ ಮಬ್ಬಾಗುವ ಪ್ರಮಾಣ ಒಂದೇ, ಒಳಗೆ ಬಂದ ಒಟ್ಟು ಬೆಳಕೂ ಒಂದೇ. ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರದ್ದು ಎಂದು ಹೇಳುವುದು ಕಷ್ಟವಾಗುತ್ತದೆ. ಎಲ್ಲವೂ ಚೆನ್ನಾಗಿ ಫೋಕಸ್ ಆಗಬೇಕಾದ ನಿಸರ್ಗದ ನೋಟ, ದೇವಸ್ಥಾನದ ಗೋಪುರ, ಊಟದ ಎಲೆ ಇಂಥವುಗಳಲ್ಲಿ ದೊಡ್ಡ ಸೆನ್ಸರಿನ ಲಾಭ ಹೆಚ್ಚೂಕಡಿಮೆ ಹೀಗೇ ಕರಗಿಹೋಗುವುದು.

ಆರ್‌ಎಕ್ಸ್100ವನ್ನು ಎಫ್/8, ಎಫ್/11ಕ್ಕೆ ಒಯ್ಯಬೇಡಿ. ಅದರ ಪಿಕ್ಸೆಲ್ 2.4 ಮೈಕ್ರಾನ್, ಡಿ90ಯದು 5.5. ಸಣ್ಣ ತೂತಿನಲ್ಲಿ ಬೆಳಕು ಹರಡಿಕೊಳ್ಳುವುದು ಸಣ್ಣ ಪಿಕ್ಸೆಲಿನಲ್ಲಿ ಬೇಗ ಗೊತ್ತಾಗುತ್ತದೆ, ಎಫ್/5.6 ದಾಟಿದ ಮೇಲೆ ಒತ್ತಕ್ಷರಗಳು ಮೆತ್ತಗಾಗುವುದನ್ನು ಅದೇ ಪತ್ರಿಕೆಯಲ್ಲಿ ನೋಡಬಹುದು. ಡಿ90ಗೆ ಎಫ್/11ರವರೆಗೆ ಚಿಂತೆಯಿಲ್ಲ.

ಕಂಪ್ಯೂಟರಿನಲ್ಲಿ ನೋಡುವಾಗ ಮತ್ತೊಂದು ಮೋಸವಿದೆ. ಎರಡನ್ನೂ 100%ಗೆ ಹಿಗ್ಗಿಸಿ ನೋಡಿದರೆ 20 ಮೆಗಾಪಿಕ್ಸೆಲಿನ ಫೋಟೋ ಹೆಚ್ಚು ಹಿಗ್ಗಿರುತ್ತದೆ, ಅದರ ಕಾಳೂ ಹಿಗ್ಗಿರುತ್ತದೆ. ಆರ್‌ಎಕ್ಸ್100ದ 5472 ಪಿಕ್ಸೆಲ್ ಅಗಲವನ್ನು ಡಿ90ಯ 4288ಕ್ಕೆ ಇಳಿಸಿ, ಆಮೇಲೆ ಹೋಲಿಸಿ. ಅಂದಹಾಗೆ 4288 ಪಿಕ್ಸೆಲ್ ಎಂದರೆ 12×18 ಇಂಚಿನ ಪ್ರಿಂಟಿಗೆ ಇಂಚಿಗೆ 238 ಪಿಕ್ಸೆಲ್. ಗೋಡೆಗೆ ನೇತುಹಾಕಲು ಧಾರಾಳ ಸಾಕು.

ಎಲ್‌ಇಡಿ ದೀಪದ ಕೆಳಗೆ ಪರೀಕ್ಷಿಸುತ್ತಿದ್ದರೆ ಶಟರನ್ನು 1/50 ಅಥವಾ 1/100ರಲ್ಲಿ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/500ರಲ್ಲಿ ತೆಗೆದರೆ ಡಿ90ಯ ಫೋಟೋದಲ್ಲಿ ಪಟ್ಟೆ ಬರಬಹುದು, ಏಕೆಂದರೆ ಅದರ ಶಟರ್ ಪರದೆಯಂತೆ ಜಾರುತ್ತದೆ. ಆರ್‌ಎಕ್ಸ್100ದ ಶಟರ್ ಲೆನ್ಸಿನೊಳಗಿದೆ, ಪಟ್ಟೆ ಬರದಿದ್ದರೂ ಒಂದು ಫೋಟೋ ಬೆಳಗಿ ಇನ್ನೊಂದು ಕಂದುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ.

ಕ್ಲಿಕ್ ಒತ್ತಿದಾಗ ಕ್ಲಿಕ್ ಆಯಿತೇ?

ಚಿತ್ರದ ಗುಣಕ್ಕಿಂತ ಇದು ದೊಡ್ಡ ವಿಷಯ ಎನ್ನುವುದು ನಮ್ಮ ಅಭಿಪ್ರಾಯ, ಆದರೂ ಯಾರೂ ಪರೀಕ್ಷಿಸುವುದಿಲ್ಲ. ಫೋನಿನ ಸ್ಟಾಪ್‌ವಾಚನ್ನು ಓಡಿಸಿ ಮೇಜಿನ ಮೇಲಿಡಿ. ಸಂಖ್ಯೆ ಸರಿಯಾಗಿ 5.00ಕ್ಕೆ ಬರುವಾಗ ಒತ್ತಿ, ಫೋಟೋದಲ್ಲಿ ಎಷ್ಟು ಬಂದಿದೆ ನೋಡಿ. ಹತ್ತು ಸಲ ಅರ್ಧ ಒತ್ತಿ ಫೋಕಸ್ ಹಿಡಿದುಕೊಂಡು ಮಾಡಿ, ಹತ್ತು ಸಲ ಒಮ್ಮೆಲೇ ಪೂರ್ತಿ ಒತ್ತಿ. ಸರಾಸರಿಯನ್ನಲ್ಲ, ಅತಿ ಕೆಟ್ಟ ಸಂಖ್ಯೆ ಯಾವುದು ಎಂದು ಗಮನಿಸಿ, ಮಗು ದೀಪ ಆರಿಸುವ ಕ್ಷಣ ತಪ್ಪಿಸುವುದು ಅದೇ. ಡಿ90ಯ ಶಟರ್ ತಡ ಕೇವಲ 65 ಮಿಲಿಸೆಕೆಂಡ್ ಎಂದು ತಯಾರಕರ ಲೆಕ್ಕ, ಮತ್ತು ಸ್ವಿಚ್ ಹಾಕಿದ ಕ್ಷಣವೇ ಅದು ಸಿದ್ಧ. ಆರ್‌ಎಕ್ಸ್100 ಲೆನ್ಸನ್ನು ಹೊರಚಾಚಿ ಸಿದ್ಧವಾಗುವುದಕ್ಕೆ ಎರಡು ಸೆಕೆಂಡಿನ ಹತ್ತಿರ ಬೇಕು. ಮೊದಲ ಆರ್‌ಎಕ್ಸ್100ಕ್ಕೆ ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ. ಸುಡುಬಿಸಿಲಲ್ಲಿ ಪರದೆ ಕಾಣದೆ ಅಂದಾಜಿನಲ್ಲಿ ಹೊಡೆಯಬೇಕಾಗುತ್ತದೆ. ಆದರೆ ಡಿ90ಯನ್ನು ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆ ನೋಡುತ್ತಾ) ಬಳಸಿದರೆ ಫೋಕಸ್ ಆಮೆಯ ನಡಿಗೆ, ಅಲ್ಲಿ ಕಾಂಪ್ಯಾಕ್ಟೇ ವಾಸಿ.

ವಿಡಿಯೋಕ್ಕೆ ಡಿ90 ಬೇಡವೇ ಬೇಡ. ವಿಡಿಯೋ ತೆಗೆದ ಮೊದಲ ಡಿಎಸ್‌ಎಲ್‌ಆರ್ ಎಂಬ ಹೆಸರು ಅದಕ್ಕಿದೆ, ಅಷ್ಟೇ: 720ಪಿ, ಒಂದು ಸಲಕ್ಕೆ ಐದು ನಿಮಿಷ, ಚಿತ್ರೀಕರಣದ ನಡುವೆ ಆಟೋಫೋಕಸ್ ಇಲ್ಲ, ಕ್ಯಾಮೆರಾ ತಿರುಗಿಸಿದರೆ ಕಂಬಗಳು ವಾಲುತ್ತವೆ.

ಫ್ಲಾಶ್ ವಿಚಾರಕ್ಕೆ ಬಂದರೆ, ಆರ್‌ಎಕ್ಸ್100ದ ಪುಟ್ಟ ಫ್ಲಾಶನ್ನು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಬಾಗಿಸಿ ಹಿಡಿದರೆ ಬೆಳಕು ಬಿಳಿ ತಾರಸಿಗೆ ಬಡಿದು ಮೃದುವಾಗಿ ಇಳಿಯುತ್ತದೆ. ತಾರಸಿ ಹತ್ತಡಿಗಿಂತ ಎತ್ತರವಿದ್ದರೆ ಶಕ್ತಿ ಸಾಲದು. ಕಲ್ಯಾಣ ಮಂಟಪದಲ್ಲಿ ಈ ಜಾಣತನ ನಡೆಯುವುದಿಲ್ಲ. ಅಲ್ಲಿ ಡಿ90ಯ ನೆತ್ತಿಗೆ ಹಾಕುವ ಪ್ರತ್ಯೇಕ ಫ್ಲಾಶೇ ಬೇಕು.

ಹಳೆಯದನ್ನು ಕೊಳ್ಳುವಾಗ ಎಲ್ಲಿ ನೋಡಬೇಕು

ಡಿ90ಯಲ್ಲಿ ಒಂದು ಫೋಟೋ ತೆಗೆದು, ಅದರ ಎಕ್ಸಿಫ್ ಮಾಹಿತಿ (ಫೋಟೋ ಫೈಲಿನೊಳಗೇ ಇರುವ ವಿವರ) ಓದುವ ತಂತ್ರಾಂಶದಲ್ಲಿ ಶಟರ್ ಕೌಂಟ್, ಅಂದರೆ ಶಟರ್ ಈವರೆಗೆ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ, ನೋಡಿ. ಆ ಶಟರನ್ನು ಪರೀಕ್ಷಿಸಿರುವುದು 1,00,000 ಸಲಕ್ಕೆ. ಅದರ ಹತ್ತಿರ ಬಂದಿದ್ದರೆ ಬೆಲೆ ಇಳಿಸಿ ಕೇಳಿ. ಸೆಟಪ್ ಮೆನುವಿನ ಬ್ಯಾಟರಿ ಇನ್ಫೋದಲ್ಲಿ ಬ್ಯಾಟರಿಯ ವಯಸ್ಸು 0ರಿಂದ 4ರವರೆಗೆ ತೋರಿಸುತ್ತದೆ, 4 ಅಂದರೆ ಕಥೆ ಮುಗಿಯಿತು. ಹಿಡಿಕೆಯ ರಬ್ಬರ್ ಉಬ್ಬಿ ಕಿತ್ತುಬರುವುದು ಈ ವಯಸ್ಸಿನ ಕ್ಯಾಮೆರಾಗಳಲ್ಲಿ ಮಾಮೂಲು, ಹೆದರಬೇಕಿಲ್ಲ. ಹೆದರಬೇಕಾದದ್ದು ಫೋಕಸ್ ಹಿಂದೆಮುಂದೆ ಬೀಳುವುದಕ್ಕೆ: ಒಂದು ಸ್ಕೇಲನ್ನು ಓರೆಯಾಗಿಟ್ಟು 15 ಸೆಂ.ಮೀ. ಗುರುತಿಗೆ ಫೋಕಸ್ ಮಾಡಿ, ಲೆನ್ಸಿನ ಪೂರ್ತಿ ತೂತಿನಲ್ಲಿ ತೆಗೆಯಿರಿ. ಚುರುಕಾದ ಜಾಗ 13ಕ್ಕೋ 17ಕ್ಕೋ ಸರಿದಿದ್ದರೆ ಡಿ90ಯ ಮೆನುವಿನಲ್ಲಿ ಅದನ್ನು ತಿದ್ದುವ ಸೌಲಭ್ಯವೇ ಇಲ್ಲ.

ಸೆನ್ಸರಿನ ಧೂಳಿಗೆ ಬಿಳಿ ಗೋಡೆಯನ್ನು ಎಫ್/16ರಲ್ಲಿ, ಫೋಕಸ್ ತಪ್ಪಿಸಿ ತೆಗೆಯಿರಿ. ಚುಕ್ಕೆ ಬಂದರೆ ಡಿ90ಯಲ್ಲಿ ಬ್ಲೋವರಿನಿಂದ ಊದಿ ತೆಗೆಯಬಹುದು. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಕಾಂಪ್ಯಾಕ್ಟಿನಲ್ಲಿ ಎಫ್/11, ಪೂರ್ತಿ ಝೂಮ್ ಇಟ್ಟು ಇದೇ ಪರೀಕ್ಷೆ ಮಾಡಿ. ಒಳಚಾಚಿ ಹೊರಚಾಚುವ ಲೆನ್ಸ್ ಜೇಬಿನ ಧೂಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಚುಕ್ಕೆ ಕಂಡರೆ ಇಡೀ ಕ್ಯಾಮೆರಾ ಬಿಚ್ಚಬೇಕು. ರಿಪೇರಿಗೆ ಕೊಟ್ಟರೆ ಮೂಗಿಗಿಂತ ಮೂಗುತಿ ಭಾರ. ಲೆನ್ಸ್ ಚಾಚುವಾಗ ಕರಕರ ಸದ್ದು ಬಂದರೆ ಒಳಗೆ ಮರಳಿದೆ. ಕಡಲ ದಂಡೆಗೆ ಹೋಗಿಬಂದ ಕ್ಯಾಮೆರಾ ಅದು, ಬೇಡ ಅನ್ನಿ.

ಮೆಮೊರಿ ಕಾರ್ಡಿನದು ಸಣ್ಣ ವಿಷಯ, ಆದರೆ ಅಂಗಡಿಗೆ ಎರಡು ಸಲ ಓಡಾಡಿಸುತ್ತದೆ. ಡಿ90 ಎಸ್‌ಡಿಎಚ್‌ಸಿವರೆಗೆ ಮಾತ್ರ ಒಪ್ಪುತ್ತದೆ, ಅಂದರೆ 32 ಜಿಬಿ. 64 ಜಿಬಿ ಹಾಕಿದರೆ ನಡೆಯುವುದಿಲ್ಲ.

ಕೊನೆಯದಾಗಿ ಬೂಷ್ಟು. ಮಲೆನಾಡು, ಕರಾವಳಿಯಲ್ಲಿ ಮೂರು ನಾಲ್ಕು ಮಳೆಗಾಲ ಬೀರುವಿನಲ್ಲಿ ಕಳೆದ ಲೆನ್ಸಿನೊಳಗೆ ಇದು ಇಲ್ಲದಿರುವುದೇ ಆಶ್ಚರ್ಯ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂಭಾಗದಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ: ಜೇಡರ ಬಲೆಯಂಥ ಎಳೆ ಕಂಡರೆ ಅದೇ. ಒಂದೆರಡು ಎಳೆ ಫೋಟೋದಲ್ಲಿ ಕಾಣದಿದ್ದರೂ ಎದುರು ಬೆಳಕಿನಲ್ಲಿ ಚಿತ್ರ ಹಾಲು ಚೆಲ್ಲಿದಂತೆ ಮಂಕಾಗುತ್ತದೆ. ಗಾಜನ್ನು ಒಂದು ಸಲ ತಿಂದ ಬೂಷ್ಟು ಒರೆಸಿದರೂ ಕಲೆ ಬಿಡುವುದಿಲ್ಲ. ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ, ಸಿಲಿಕಾ ಜೆಲ್ ಜೊತೆ, ಸಾಧ್ಯವಾದರೆ ಒಂದು ತೇವಮಾಪಕ ಇಟ್ಟು 40ರಿಂದ 50%ರಲ್ಲಿ ನಿಲ್ಲಿಸಿ. ಜೆಲ್ ಬಣ್ಣ ಬದಲಾಯಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಮತ್ತೆ ಇಡಿ. ಆ ಬಾಣಲೆ ಆಮೇಲೆ ಒಗ್ಗರಣೆಗೆ ಬೇಡ. ಕ್ಯಾಮೆರಾದ ಜೊತೆ ಬಂದ ಚಂದದ ಚರ್ಮದ ಚೀಲವನ್ನು ಮಾತ್ರ ಆ ಡಬ್ಬದೊಳಗೆ ಹಾಕಬೇಡಿ, ತೇವ ಹಿಡಿದಿಟ್ಟು ಬೂಷ್ಟು ಬೆಳೆಸುವುದರಲ್ಲಿ ಅದರಷ್ಟು ನಿಷ್ಠಾವಂತ ಇನ್ನೊಂದಿಲ್ಲ.