ಗೋಡೆಯ ಪೈಪಿನಿಂದ ಉರಿಯುವ ಒಲೆಯವರೆಗೆ: ನನ್ನ ಅನುಭವ

ಮುಂಬಯಿಯ ಮುಲುಂಡ್, ಪಕ್ಕದ ಠಾಣೆ, ಡೊಂಬಿವಲಿ ಕಡೆಯ ಹೌಸಿಂಗ್ ಸೊಸೈಟಿಗಳಿಗೆ ಪೈಪ್ ಗ್ಯಾಸ್, ಅಂದರೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ, ತಲುಪಿಸುವ ತಂಡದಲ್ಲಿ ನಾನಿದ್ದೇನೆ. ನಮ್ಮ ಲೆಕ್ಕದಲ್ಲಿ ಮನೆಗಳು ಮೂರು ಥರ: ಹೆಸರು ನೋಂದಾಯಿಸಿದವು, ಅಡುಗೆಮನೆವರೆಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಬಂದು ನಿಂತವು, ಒಲೆ ಉರಿಯುತ್ತಿರುವವು. ಮೊದಲೆರಡು ಎಷ್ಟಿದ್ದರೂ ಗ್ಯಾಸ್ ಕಂಪನಿಗೆ ಬರೀ ಖರ್ಚು. ಬಿಲ್ಲು ಹುಟ್ಟುವುದು ಮೂರನೆಯದರಿಂದ ಮಾತ್ರ. ಹೊಸಬರು ನೋಂದಣಿ ಫಾರ್ಮುಗಳ ಕಟ್ಟು ಹಿಡಿದು ಖುಷಿಪಡುವಾಗ ನಾನು ಕೇಳುವುದು ಒಂದೇ, ಎಷ್ಟು ಒಲೆ ಹೊತ್ತಿತು?

ಮುಂಬಯಿಯಲ್ಲಿ ಪೈಪ್ ಗ್ಯಾಸ್ ಪೂರೈಸುವ ಮಹಾನಗರ್ ಗ್ಯಾಸ್ ಕಂಪನಿ ಸ್ಥಾಪನೆಯಾದದ್ದು 1995ರಲ್ಲಿ. ಇಷ್ಟು ವರ್ಷದ ಮೇಲೂ ಒಂದೇ ಬೀದಿಯಲ್ಲಿ ಒಂದು ಕಟ್ಟಡಕ್ಕೆ ಪೈಪ್ ಗ್ಯಾಸ್, ಪಕ್ಕದ್ದಕ್ಕೆ ಸಿಲಿಂಡರ್ ಇರುವುದನ್ನು ನೋಡುತ್ತೀರಿ. ನಾನು ಮೊದಲು ಹೋಗುವುದು ಆ ಪಕ್ಕದ ಕಟ್ಟಡಕ್ಕೇ. ಹೊಸ ಬೀದಿ ಅಗೆಯಬೇಕೆಂದರೆ ಪಾಲಿಕೆಯ ಅನುಮತಿ ಬೇಕು, ರಸ್ತೆ ಮುಚ್ಚಲು ಶುಲ್ಕ ಕಟ್ಟಬೇಕು. ಮಳೆಗಾಲದಲ್ಲಂತೂ ಅಗೆತ ಬಹುಪಾಲು ಬಂದ್. ನೆಲದಡಿ ಕೊಳವೆ ಆಗಲೇ ಇರುವ ಕಡೆ ಮನೆ ಸೇರಿಸಿದಷ್ಟೂ ಹಾಕಿದ ದುಡ್ಡು ಬೇಗ ದುಡಿಯುತ್ತದೆ. ಮಳೆ ಹಿಡಿದ ತಿಂಗಳುಗಳಲ್ಲಿ ನಾವು ಮನೆಯೊಳಗಿನ ಕೆಲಸ ಮುಗಿಸಿಕೊಳ್ಳುತ್ತೇವೆ.

ಸೊಸೈಟಿಯ ಮೀಟಿಂಗಿಗೆ ಕರಪತ್ರ ಒಯ್ದರೆ ಸಾಲದು. ನಾನು ಒಂದು ಮೀಟರ್, ಒಂದು ತುಂಡು ಪೈಪು, ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಎರಡು ಜೆಟ್ ಮೇಜಿನ ಮೇಲಿಡುತ್ತೇನೆ. ಕಮಿಟಿಯವರು ಕೇಳುವುದು ಠೇವಣಿ, ಹೊರಗೋಡೆಯ ಬಣ್ಣ, ಆಕ್ಷೇಪಣೆ ಇಲ್ಲವೆಂಬ ಪತ್ರ ಅಂದರೆ ಎನ್‌ಒಸಿ. ಹೆಂಗಸರು ಕೇಳುವುದು ಬೇರೆ: ಸೋರಿದರೆ ಏನು ಗತಿ, ಹೊಸ ಟೈಲ್ಸ್ ಒಡೆಯುತ್ತೀರಾ, ರೊಟ್ಟಿ ಉಬ್ಬುತ್ತದಾ. ನಿಜವಾದ ನಿರ್ಧಾರ ಈ ಪ್ರಶ್ನೆಗಳ ಮೇಲೇ ನಿಂತಿರುತ್ತದೆ. ನಮ್ಮ ಮಂಗಳೂರು, ಉಡುಪಿ, ಹುಬ್ಬಳ್ಳಿ ಕಡೆಯವರು ಇರುವ ಕಟ್ಟಡಗಳಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಮಾತು ಶುರುವಾದರೆ ಅವರೇ ಒಳಗೆ ಕರೆದು ಕಿಟಕಿ, ಸಿಂಕು, ಕಟ್ಟೆ ಎಲ್ಲ ತೋರಿಸುತ್ತಾರೆ. ಸೋರಿಕೆಯ ಬಗ್ಗೆ ನಾನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಈ ಗ್ಯಾಸ್ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ, ಸಿಲಿಂಡರಿನದು ಭಾರ, ನೆಲ ಹಿಡಿಯುತ್ತದೆ. ಹಗುರ ಅಂದಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ. ವಾಸನೆ ಬಂದರೆ ವಾಲ್ವ್ ಮುಚ್ಚಿ, ಕಿಟಕಿ ತೆರೆಯಿರಿ, ಸ್ವಿಚ್ ಮುಟ್ಟಬೇಡಿ, ಹೊರಗೆ ಬಂದು ಎಮರ್ಜೆನ್ಸಿಗೆ ಫೋನ್ ಮಾಡಿ.

ಒಲೆ ಹೊತ್ತಿಸುವ ದಿನ ನಾನು ಅವಸರ ಮಾಡಲು ಬಿಡುವುದಿಲ್ಲ. ಪೈಪಿಗೆ ಗಾಳಿ ತುಂಬಿ ಗೇಜಿನ ಮುಳ್ಳು ಇಳಿಯುತ್ತದಾ ನೋಡುತ್ತೇವೆ. ಗ್ಯಾಸ್ ಬಿಟ್ಟ ಮೇಲೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚುತ್ತೇವೆ. ಆಮೇಲೆ ಜೆಟ್ ಬದಲಿಸುತ್ತೇವೆ. ಮನೆಗೆ ಬರುವ ಪೈಪ್ ಗ್ಯಾಸಿನ ಒತ್ತಡ ಸುಮಾರು 21 ಮಿಲಿಬಾರ್, ಎಲ್‌ಪಿಜಿಯದು ಸುಮಾರು 30. ಅಷ್ಟೇ ಗಾತ್ರದ ಗ್ಯಾಸಿನಲ್ಲಿ ಶಾಖವೂ ಕಡಿಮೆ. ಆದ್ದರಿಂದ ತೂತು ದೊಡ್ಡದಿರಬೇಕು. ಹಳೆಯ ಜೆಟ್ ಹಾಗೇ ಬಿಟ್ಟರೆ ಉರಿ ಸಣ್ಣಗೆ ನಿಲ್ಲುತ್ತದೆ, ಮನೆಯವರು 'ನಿಮ್ಮ ಗ್ಯಾಸಿಗೆ ಜೋರೇ ಇಲ್ಲ' ಅನ್ನುತ್ತಾರೆ. ಆ ಒಂದು ಮಾತು ಲಿಫ್ಟಿನಲ್ಲಿ ಹತ್ತು ಮನೆ ಸುತ್ತುತ್ತದೆ. ಹಳದಿ ನಾಲಗೆ ಹೋಗಿ ನೀಲಿ ಉರಿ ನಿಲ್ಲುವವರೆಗೂ ಗಾಳಿಯ ಹೊಂದಾಣಿಕೆ ಮಾಡಿ, ಒಂದು ಪಾತ್ರೆ ನೀರು ಕುದಿಸಿ ತೋರಿಸಿಯೇ ಹೊರಡುತ್ತೇವೆ.

ನಂತರದ ಜಗಳವೆಲ್ಲ ಬಿಲ್ಲಿನದು. ಮೀಟರ್ ಅಡುಗೆಮನೆಯಲ್ಲಿ, ಗಂಡ ಹೆಂಡತಿ ಇಬ್ಬರೂ ಲೋಕಲ್ ಟ್ರೈನಿನಲ್ಲಿ. ಬಾಗಿಲಿಗೆ ಬೀಗ ಕಂಡರೆ ಅಂದಾಜು ಬಿಲ್ಲು ಹೋಗುತ್ತದೆ, ಮುಂದೊಮ್ಮೆ ನಿಜವಾದ ರೀಡಿಂಗ್ ಸಿಕ್ಕಾಗ ಬಾಕಿಯೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಅದಕ್ಕೇ ಮೊದಲ ದಿನವೇ ಮೀಟರಿನ ಮುಂದೆ ನಿಲ್ಲಿಸಿ ಹೇಳಿಕೊಡುತ್ತೇನೆ: ಕಪ್ಪು ಅಂಕೆಗಳನ್ನಷ್ಟೇ ಬರೆದುಕೊಳ್ಳಿ, ಕೆಂಪು ಅಂಕೆ ದಶಮಾಂಶ, ಫೋಟೊ ತೆಗೆದು ಕಳಿಸಿ. ಸಿಲಿಂಡರಿನ ಲೆಕ್ಕಕ್ಕೆ ಒಗ್ಗಿದವರಿಗೆ, 14.2 ಕಿಲೋ ಸಿಲಿಂಡರಿನ ಶಾಖ ಇಲ್ಲಿನ ಸುಮಾರು 18 ಯೂನಿಟ್ಟಿಗೆ (ಒಂದು ಯೂನಿಟ್ ಅಂದರೆ ಒಂದು ಘನ ಮೀಟರ್ ಗ್ಯಾಸ್) ಸಮ ಅಂದರೆ ಬಿಲ್ಲು ತಟ್ಟನೆ ಅರ್ಥವಾಗುತ್ತದೆ. ಈ ಹತ್ತು ನಿಮಿಷದ ಪಾಠ ಮಾಡಿದ ಕಟ್ಟಡಗಳಿಂದ ದೂರು ಕಡಿಮೆ, ಉಳಿದ ಮನೆಗಳ ಅರ್ಜಿ ಹೆಚ್ಚು.

ಮನೆಗಳಿಂದ ಸಂಖ್ಯೆ ಬರುತ್ತದೆ, ಒಂದೊಂದು ಸಂಪರ್ಕಕ್ಕೆ ಗ್ಯಾಸ್ ಹೆಚ್ಚು ಖರ್ಚಾಗುವುದು ಹೋಟೆಲಿನಲ್ಲಿ. ಹೋಟೆಲಿನ ದರ ಬೇರೆ, ಹಾಗಾಗಿ ಅಗ್ಗವೆಂದು ಹೇಳಿ ಒಪ್ಪಿಸಲು ನಾನು ಹೋಗುವುದಿಲ್ಲ. ನಮ್ಮ ಉಡುಪಿ ಹೋಟೆಲಿನವರಿಗೆ ನಾಟುವುದು ಜಾಗದ ಮಾತು. 19 ಕಿಲೋ ಸಿಲಿಂಡರುಗಳ ಸಾಲು ಹೋದರೆ ಈ ಊರಲ್ಲಿ ಅಷ್ಟು ಜಾಗ ಸಿಕ್ಕಂತೆ. ಅವರ ಭಯ ದೋಸೆ ಕಾವಲಿಗೆ ಕಾವು ಸಾಲದೆಂಬುದು, ಅದು ನ್ಯಾಯವೇ. ಕಾವಲಿ, ಇಡ್ಲಿ ಸ್ಟೀಮರ್, ಸಾಂಬಾರಿನ ಭಟ್ಟಿ, ಚಹಾದ ಒಲೆ ಎಲ್ಲ ಒಟ್ಟಿಗೆ ಉರಿದರೆ ಗಂಟೆಗೆ ಎಷ್ಟು ಗ್ಯಾಸ್ ಬೇಕೆಂದು ಕೂಡಿಸಿಯೇ ಮೀಟರಿನ ಅಳತೆ ಗೊತ್ತುಮಾಡಬೇಕು. ಸರಾಸರಿ ಹಿಡಿದರೆ ಮಧ್ಯಾಹ್ನ ಒಂದು ಗಂಟೆಗೆ ಒತ್ತಡ ಕುಸಿಯುತ್ತದೆ. ಬದಲಾವಣೆ ರಾತ್ರಿ ಶಟರ್ ಇಳಿದ ಮೇಲೆ ಮಾಡುತ್ತೇವೆ, ಬೆಳಗಿನ ಇಡ್ಲಿಗೆ ತಡವಾಗಬಾರದು. ಮೊದಲ ವಾರ ಊಟದ ರಶ್ಶಿನ ಹೊತ್ತಿಗೆ ನಾನೇ ಹೋಗಿ ಗೇಜ್ ನೋಡುತ್ತೇನೆ, ಕಾವಲಿಯ ಮುಂದೆ ನಿಂತ ಭಟ್ಟರನ್ನೂ ಕೇಳುತ್ತೇನೆ. ಅವರು ಸೈ ಅನ್ನುವವರೆಗೂ ಆ ಹೋಟೆಲ್ ನನ್ನ ಪಟ್ಟಿಯಲ್ಲಿ ಬಾಕಿಯೇ.