ನವೋದಯ ಪರೀಕ್ಷೆ: ಮೊದಲು ಗೋಲ ತುಂಬುವುದನ್ನು ಕಲಿಸಿ

ಪರೀಕ್ಷೆ ಮುಗಿದ ಮೇಲೆ ಹುಡುಗನೊಬ್ಬ ಗೇಟಿನ ಹತ್ತಿರ ಅಳುತ್ತಾ ನಿಂತಿದ್ದ. ಲೆಕ್ಕದಲ್ಲಿ ಅವನೇ ತರಗತಿಗೆ ಮುಂದು. "ಸರ್, ಹದಿನೇಳನೇ ಪ್ರಶ್ನೆ ಬಿಟ್ಟಿದ್ದೆ. ಹದಿನೆಂಟರ ಉತ್ತರ ಹದಿನೇಳಕ್ಕೆ ತುಂಬಿಬಿಟ್ಟೆ. ಆಮೇಲೆ ಎಲ್ಲಾ ಹಂಗೇ ಹೋಯ್ತು" ಎಂದ. ನವೋದಯ ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ; ಅಲ್ಲಿ ಆರನೇ ತರಗತಿ ಸೇರಲು ಬರೆಯುವ ಈ ಪರೀಕ್ಷೆಗೆ ಎರಡನೇ ಅವಕಾಶ ಇಲ್ಲ. ಕೊಪ್ಪಳ ಜಿಲ್ಲೆಯ ಮಕ್ಕಳನ್ನು ಪರೀಕ್ಷೆಗೆ ಕರೆದೊಯ್ಯುವ ನನಗೆ ಇಂಥ ಮುಖ ನೋಡಿ ಸಾಕಾಗಿದೆ.

ಅರ್ಜಿ ಆನ್‌ಲೈನ್‌ನಲ್ಲಿ, ಶುಲ್ಕ ಇಲ್ಲ. ಆದರೆ ಐದನೇ ತರಗತಿ ಓದುವ ಜಿಲ್ಲೆಯಿಂದಲೇ ಹಾಕಬೇಕು. ಕೋಚಿಂಗ್ ಎಂದು ಮಗುವನ್ನು ಬೇರೆ ಜಿಲ್ಲೆಯ ಶಾಲೆಗೆ ಸೇರಿಸಿದರೆ ನಮ್ಮ ಕುಕನೂರಿನ ನವೋದಯ ಕೈತಪ್ಪುತ್ತದೆ. ಕನಿಷ್ಠ ಶೇ 75ರಷ್ಟು ಸೀಟು ಹಳ್ಳಿ ಮಕ್ಕಳಿಗಿದೆ. ಮೂರು, ನಾಲ್ಕು, ಐದನೇ ತರಗತಿಯಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದರೂ ಆ ಲೆಕ್ಕದಿಂದ ಹೊರಗೆ. ಒಂಬತ್ತು, ಹತ್ತು ವರ್ಷದ ಮಗುವನ್ನು ಕೋಚಿಂಗ್ ಹಾಸ್ಟೆಲಿಗೆ ಕಳಿಸಲೇಬೇಡಿ. ಮನೆಯಲ್ಲಿ ದಿನಕ್ಕೆ ಒಂದು ಗಂಟೆ ಕೂತರೆ ಸಾಕು.

ಪರೀಕ್ಷೆ ಎರಡು ಗಂಟೆ. 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಬುದ್ಧಿಶಕ್ತಿಯದು, ಅದಕ್ಕೇ 50 ಅಂಕ. ಲೆಕ್ಕ ಮತ್ತು ಭಾಷೆಗೆ ತಲಾ 20 ಪ್ರಶ್ನೆ. ಭಾಷೆಯಲ್ಲಿ ನಾಲ್ಕು ಗದ್ಯಭಾಗ ಓದಿ ಉತ್ತರಿಸಬೇಕು. ಕನ್ನಡದಲ್ಲೇ ಬರೆಯಬಹುದು. ಐದನೇ ತರಗತಿ ಲೆಕ್ಕ ಶಾಲೆಯಲ್ಲೇ ಆಗುತ್ತದೆ. ಓದಲು ದಿನಾ ಪತ್ರಿಕೆಯ ಒಂದು ಸುದ್ದಿ ಕೊಡಿ.

ಬುದ್ಧಿಶಕ್ತಿ ಎಂದರೆ ಬರೀ ಚಿತ್ರಗಳು. ಗುಂಪಿಗೆ ಸೇರದ್ದು, ಕನ್ನಡಿ ಬಿಂಬ, ಮಡಚಿ ತೂತು ಮಾಡಿದ ಕಾಗದ. ಸಂತೆಯಲ್ಲಿ ಸಿಗುವ ಅಗ್ಗದ ಗೈಡ್ ಕೊಳ್ಳಬೇಡಿ. ಮಸಿ ಹರಡಿ ಚಿತ್ರವೇ ಕಾಣುವುದಿಲ್ಲ, ಕೊನೆಯ ಪುಟದಲ್ಲಿ ಕೊಟ್ಟ ಉತ್ತರಗಳೂ ತಪ್ಪು. ಹಳೇ ನೋಟ್‌ಬುಕ್ಕಿನ ಹಾಳೆ ಮಡಚಿ, ಪೆನ್ನಿನ ತುದಿಯಿಂದ ತೂತು ಮಾಡಿಸಿ. ಬಿಚ್ಚುವ ಮೊದಲು "ಎಷ್ಟು ತೂತು? ಎಲ್ಲೆಲ್ಲಿ?" ಎಂದು ಕೇಳಿ. ತಪ್ಪಾದರೂ ಬೈಯಬೇಡಿ, ಬಿಚ್ಚಿ ತೋರಿಸಿ. ಕನ್ನಡಿ ಬಿಂಬಕ್ಕೆ ಮನೆಯ ಕನ್ನಡಿಯೇ ಸಾಕು.

ಇನ್ನು ಓಎಂಆರ್ ಹಾಳೆ, ಅಂದರೆ ಪ್ರತಿ ಪ್ರಶ್ನೆಯ ಉತ್ತರಕ್ಕೆ ಒಂದು ಗೋಲ (ವೃತ್ತ) ತುಂಬುವ ಉತ್ತರ ಹಾಳೆ. ಇಲ್ಲೇ ಜಾಣ ಮಕ್ಕಳು ಸೋಲುತ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಗೋಲಗಳಿರುವ ಹಾಳೆ ಐವತ್ತು ಪ್ರತಿ ಮಾಡಿಸಿ. ನೀಲಿ ಇಲ್ಲವೇ ಕಪ್ಪು ಬಾಲ್ ಪೆನ್ನಿನಲ್ಲಿ ಒಂದೇ ಗೋಲ, ಪೂರ್ತಿ, ಗೆರೆ ದಾಟದಂತೆ ತುಂಬಬೇಕು. ಸರಿ ಗುರುತು, ಚುಕ್ಕೆ ನಡೆಯುವುದಿಲ್ಲ. ಅಳಿಸಿ ತಿದ್ದುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಹಾಗಾಗಿ ಮನೆಯಲ್ಲೂ ಪೆನ್ಸಿಲ್ ಬೇಡ. ಮೊದಲ ವಾರ ಪ್ರಶ್ನೆಯೇ ಬೇಡ. ನೀವು "ಇಪ್ಪತ್ತಾರು, ಸಿ" ಎನ್ನಿ, ಮಗು ಹುಡುಕಿ ತುಂಬಲಿ. ಎಡಗೈ ಬೆರಳು ಆ ಸಂಖ್ಯೆಯ ಮೇಲೇ ಇರಲಿ. ಎರಡನೇ ವಾರ ಬೇಕಂತಲೇ ಸಂಖ್ಯೆ ಹಾರಿಸಿ. ಏಳು ಆದ ಮೇಲೆ ಒಂಬತ್ತು ಹೇಳಿ. ಎಂಟರ ಸಾಲು ಖಾಲಿ ಬಿಟ್ಟು ಮುಂದೆ ಹೋಗುವುದು ಕೈಗೆ ಕೂರಬೇಕು, ಅಲ್ವಾ? ಆಮೇಲೆ ಗಡಿಯಾರ ಇಟ್ಟು 40 ಪ್ರಶ್ನೆಗೆ ಒಂದು ಗಂಟೆ ಕೊಡಿ. ಕೊನೆಯಲ್ಲಿ ಒಟ್ಟಿಗೆ ತುಂಬುತ್ತೇನೆ ಎಂದರೆ ಒಪ್ಪಬೇಡಿ. ಒಂದು ಪ್ರಶ್ನೆ, ಒಂದು ಗೋಲ. ಪ್ರತಿ ಹತ್ತಕ್ಕೊಮ್ಮೆ ಎರಡೂ ಕಡೆ ಸಂಖ್ಯೆ ಒಂದೇನಾ ಎಂದು ನೋಡಿಕೊಳ್ಳಲಿ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಬಿಟ್ಟ ಸಾಲುಗಳಿಗೆ ಕೊನೆಯ ಐದು ನಿಮಿಷದಲ್ಲಿ ಊಹಿಸಿಯಾದರೂ ಒಂದು ಗೋಲ ತುಂಬಲಿ.

ಹಿಂದಿನ ರಾತ್ರಿ ಏನೂ ಓದಿಸಬೇಡಿ. ಪ್ರವೇಶ ಪತ್ರದ ಜೊತೆ ಎರಡು ಪೆನ್ನು ಕೊಡಿ. ಹೊಸದು ಬೇಡ, ಒಂದು ತಿಂಗಳಿಂದ ಮಗು ಗೋಲ ತುಂಬಿದ ಪೆನ್ನುಗಳೇ ಇರಲಿ.